ರಾತ್ರಿ ಡ್ಯೂಟಿ ಬಿಡದೆ ಪಡೆದ ರೇಡಿಯಾಲಜಿ ಸೀಟು

ಎಂಬಿಬಿಎಸ್ ಆದಮೇಲೆ ರೇಡಿಯಾಲಜಿ (ಸ್ಕ್ಯಾನ್, ಎಕ್ಸ್‌ರೇ ನೋಡಿ ರೋಗ ಗುರುತಿಸುವ ವಿಭಾಗ) ಬೇಕಾದರೆ ಕೆಲಸ ಬಿಟ್ಟು ಬೆಂಗಳೂರಿನಲ್ಲಿ ರೂಮು ಮಾಡು ಎಂದು ಬ್ಯಾಚಿನವರೆಲ್ಲ ಹೇಳಿದ್ದರು. ನಾನು ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಡ್ಯೂಟಿ ಮಾಡುತ್ತಲೇ 2024ರ ನೀಟ್ ಪಿಜಿ (ವೈದ್ಯಕೀಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಬರೆದೆ. ರ‍್ಯಾಂಕ್ ಎರಡೂವರೆ ಸಾವಿರದ ಆಸುಪಾಸು. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಸೀಟು ಹಂಚಿಕೆಯ ಕೌನ್ಸೆಲಿಂಗ್‌ನಲ್ಲಿ ಸರ್ಕಾರಿ ಕಾಲೇಜಿನ ಸೀಟು ಸಿಕ್ಕಿತು. ನಮ್ಮ ಬ್ಯಾಚಿನಲ್ಲಿ ದುಡಿಯುತ್ತ ಓದಿ ಈ ವಿಭಾಗಕ್ಕೆ ಬಂದವನು ನಾನೊಬ್ಬನೇ.

ಕೆಲಸ ಬಿಟ್ಟು ಓದುವುದನ್ನೂ ಮಾಡಿ ನೋಡಿದ್ದೆ. 2022ರಲ್ಲಿ ಇಂಟರ್ನ್‌ಶಿಪ್ ನಡುವೆ ಬರೆದಾಗ ರ‍್ಯಾಂಕ್ ನಲವತ್ತು ಸಾವಿರದ ಹತ್ತಿರ ಬಂತು. ಆಮೇಲೆ ಬೆಂಗಳೂರಿನ ವಿಜಯನಗರದಲ್ಲಿ ಏಳು ತಿಂಗಳು ಕುಳಿತೆ. ಬಾಡಿಗೆ, ಊಟ, ಕೋಚಿಂಗ್, ಆ್ಯಪ್ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷ. ಅಷ್ಟೂ ಅಪ್ಪನ ಅಡಿಕೆ ದುಡ್ಡು. 2023ರ ಮಾರ್ಚ್‌ನಲ್ಲಿ ಬಂದದ್ದು ಹತ್ತೊಂಬತ್ತು ಸಾವಿರ. ವಿಡಿಯೋಗಳನ್ನು ಎರಡೆರಡು ಸಲ ನೋಡಿದ್ದೆ, ಬಿಡಿಸಿದ ಪ್ರಶ್ನೆ ಮೂರು ಸಾವಿರವೂ ಇರಲಿಲ್ಲ. ಆ ವರ್ಷ ಕೌನ್ಸೆಲಿಂಗ್ ಅರ್ಹತೆಯನ್ನು, ಪರೀಕ್ಷೆ ಬರೆದವರೆಲ್ಲ ಬರುವಂತೆ, ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದಾಗ ಮನೆಯಲ್ಲಿ ಆಸೆ ಚಿಗುರಿತು. ಅರ್ಹತೆ ಇಳಿದರೆ ಖಾಲಿ ಸೀಟು ತುಂಬುತ್ತದೆಯೇ ಹೊರತು ಸರ್ಕಾರಿ ರೇಡಿಯಾಲಜಿ ಕೆಳಗಿನ ರ‍್ಯಾಂಕಿಗೆ ಬರುವುದಿಲ್ಲ. ಮ್ಯಾನೇಜ್‌ಮೆಂಟ್ ಸೀಟಿಗೆ ಕೋಟಿ ದಾಟುತ್ತಿತ್ತು. ತೋಟ ಮಾರುತ್ತೇನೆಂದು ಅಪ್ಪ ಹೊರಟರು. ಅಂದು ನಾನು ಗಟ್ಟಿಯಾಗಿ ಬೇಡ ಎಂದೆ, ಮರುವಾರವೇ ಡ್ಯೂಟಿಗೆ ಸೇರಿದೆ.

ಈ ಸಲ ವಿಡಿಯೋ ಮುಟ್ಟಲಿಲ್ಲ. ಪ್ರಶ್ನೆ ಬಿಡಿಸುವುದು, ತಪ್ಪಾದರೆ ಏಕೆ ತಪ್ಪಿದೆ ಎಂದು ಪುಸ್ತಕದಲ್ಲಿ ಬರೆಯುವುದು, ಅಷ್ಟೇ. ಕಾರಣಗಳು ಮೂರು: ಗೊತ್ತೇ ಇರಲಿಲ್ಲ, ಓದಿ ಮರೆತಿದ್ದೆ, ಎರಡು ಆಯ್ಕೆ ಉಳಿಸಿಕೊಂಡು ತಪ್ಪಿನದಕ್ಕೆ ಹೋದೆ. ನನ್ನನ್ನು ಮುಳುಗಿಸುತ್ತಿದ್ದುದು ಮೂರನೆಯದು, ಗ್ರ್ಯಾಂಡ್ ಟೆಸ್ಟಿನ (ಪೂರ್ಣ ಅಣಕು ಪರೀಕ್ಷೆ) ಇನ್ನೂರರಲ್ಲಿ ಇಪ್ಪತ್ತೈದು ಮೂವತ್ತು ಪ್ರಶ್ನೆಗಳು ಹೀಗೇ ಹೋಗುತ್ತಿದ್ದವು. ಕೊನೆಯ ಗಳಿಗೆಯಲ್ಲಿ ಬದಲಿಸಿದ ಉತ್ತರಗಳನ್ನು ಎಣಿಸಿದರೆ ಮೂರರಲ್ಲಿ ಎರಡು ಸರಿಯಿಂದ ತಪ್ಪಿಗೆ ಹೋಗಿದ್ದವು. ಒಂದೊಂದಕ್ಕೂ ಐದು ಅಂಕ ನಷ್ಟ: ಬರಬೇಕಿದ್ದ ನಾಲ್ಕು, ಕಳೆಯುವ ಒಂದು. ಬದಲಿಸುವುದನ್ನೇ ಬಿಟ್ಟೆ.

2024ರಲ್ಲಿ ಪರೀಕ್ಷೆಯನ್ನು ಐದು ಭಾಗ ಮಾಡಿ, ನಲವತ್ತು ಪ್ರಶ್ನೆಗೆ 42 ನಿಮಿಷ, ಮುಗಿದ ಭಾಗಕ್ಕೆ ಮರಳುವಂತಿಲ್ಲ ಎಂದರು. ಉಳಿದವರು ಗಾಬರಿಯಾದರು. ನನಗೆ ಇದು ಡ್ಯೂಟಿ ರೂಮಿಗೆ ಹೇಳಿ ಮಾಡಿಸಿದ ಅಳತೆ. ರೋಗಿಗಳಿಲ್ಲದ ಹೊತ್ತಿನಲ್ಲಿ ಒಂದು ಭಾಗ. ನಡುವೆ ಯಾರಾದರೂ ಬಂದರೆ ಅದು ರದ್ದು, ಮತ್ತೆ ಮೊದಲಿನಿಂದ. ರಾತ್ರಿಗೆ ಎರಡು ಭಾಗವಾದರೆ ತೃಪ್ತಿ.

ಜೂನ್ 23ರ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿದಾಗ ನಾನು ಹುಬ್ಬಳ್ಳಿಯ ಲಾಡ್ಜಿನಲ್ಲಿದ್ದೆ. ಸಿಟ್ಟಿನಲ್ಲಿ ನಾಲ್ಕು ದಿನ ಪುಸ್ತಕ ತೆರೆಯಲಿಲ್ಲ. ಐದನೆಯ ದಿನ ತಪ್ಪಿನ ಪುಸ್ತಕವನ್ನು ಮೊದಲ ಪುಟದಿಂದ ಓದಲು ಕುಳಿತೆ. ಆಗಸ್ಟ್ 11ರವರೆಗೆ ಸಿಕ್ಕ ಆ ಏಳು ವಾರಗಳೇ ನನ್ನನ್ನು ಎತ್ತಿದವು.

ಬೇರೆ ಪ್ರಯೋಗಗಳೂ ನಡೆದವು. ತಪ್ಪುಗಳನ್ನು ಕನ್ನಡದಲ್ಲೇ ಮೊಬೈಲಿಗೆ ಹೇಳಿ ಬಸ್ಸಿನಲ್ಲಿ ಕೇಳುತ್ತಿದ್ದೆ. ಫಾರ್ಮಕಾಲಜಿ, ಮೈಕ್ರೋಬಯಾಲಜಿ ಚೆನ್ನಾಗಿ ನಿಂತವು, ಅನಾಟಮಿ ಚಿತ್ರವಿಲ್ಲದೆ ನಿಲ್ಲಲಿಲ್ಲ. ಐಎನ್‌ಐ ಸಿಇಟಿಯನ್ನು (ಏಮ್ಸ್‌ನಂಥ ರಾಷ್ಟ್ರೀಯ ಸಂಸ್ಥೆಗಳ ಪ್ರವೇಶ ಪರೀಕ್ಷೆ) ಎರಡು ಸಲ ಅಭ್ಯಾಸಕ್ಕೆಂದು ಬರೆದೆ, ಅದು ಬೇರೆಯೇ ಆಟ. ಕೊನೆಯ ಹದಿನೆಂಟು ದಿನ ಏನು ಓದಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಕಾಲೇಜಿನ ಕಿರಿಯರಿಗೆ ಮೀಸಲು.

ರ‍್ಯಾಂಕಿಗೆ ಮುಂಚೆ ಒಂದು ಕೆಲಸ ಮಾಡಿ. ನಾನು ಪರಿಚಯದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಹದಿನೈದು ಸಂಜೆ ರೇಡಿಯಾಲಜಿಸ್ಟ್ ಹಿಂದೆ ಸುಮ್ಮನೆ ಕುಳಿತು ನೋಡಿದೆ. ಕತ್ತಲ ಕೋಣೆ, ಒಂದರ ಮೇಲೊಂದು ರಿಪೋರ್ಟ್, ರೋಗಿಯೊಡನೆ ಮಾತು ಕಡಿಮೆ. ನನಗೆ ಹಿಡಿಸಿತು. ಜೊತೆಗೆ ಬಂದಿದ್ದ ಗೆಳೆಯ ಮೂರನೆಯ ಸಂಜೆಗೇ ಎದ್ದುಹೋದ. ಈಗ ಅವನು ಪೀಡಿಯಾಟ್ರಿಕ್ಸ್‌ನಲ್ಲಿ ಸಂತೋಷವಾಗಿದ್ದಾನೆ.

ಇದೇ ಕೊನೆಯ ಸಲ, ಸಿಗದಿದ್ದರೆ ಬಂದ ಸೀಟಿಗೆ ಸೇರುತ್ತೇನೆ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ಆಪ್ಷನ್ ಎಂಟ್ರಿಯ (ಬೇಕಾದ ಸೀಟುಗಳನ್ನು ಕ್ರಮವಾಗಿ ತುಂಬುವ) ದಿನ ರೇಡಿಯಾಲಜಿಯ ಕೆಳಗೆ ಜನರಲ್ ಮೆಡಿಸಿನ್, ಅದರ ಕೆಳಗೆ ಅನಸ್ತೇಷಿಯಾ ತುಂಬಿದೆ. ಅಪ್ಪ ಪಕ್ಕದಲ್ಲೇ ಕುಳಿತು ಪ್ರತಿ ಸಾಲನ್ನೂ ಓದಿಸಿ ಕೇಳಿದರು.