ಕನ್ನಡ ಬಾರದ ಪ್ರೆಸ್ಸಿನಲ್ಲಿ ಕನ್ನಡ ಪುಸ್ತಕ: ಮುಂಬಯಿ ಲೇಖಕರಿಗೆ

ಮುಂಬಯಿಯಲ್ಲಿ ಕೈಯಿಂದ ದುಡ್ಡು ಹಾಕಿ ಕನ್ನಡ ಪುಸ್ತಕ ತರುವವರ ಮೊದಲ ತೊಡಕು, ಇಲ್ಲಿನ ಪ್ರೆಸ್ಸುಗಳಲ್ಲಿ ಕನ್ನಡ ಓದಬಲ್ಲವರು ವಿರಳ ಎಂಬುದು. ಒತ್ತಕ್ಷರ ಕಳಚಿ ‘ರಾಷ್‌ಟ್‌ರ’ ಎಂದು ಅಚ್ಚಾದರೂ ಯಂತ್ರದ ಮುಂದೆ ನಿಂತವರ ಕಣ್ಣಿಗೆ ಅದೂ ಕನ್ನಡವೇ. ಆದ್ದರಿಂದ ಫೈಲು ನಿಮ್ಮ ಕೈ ಬಿಡುವ ಮೊದಲೇ ತಪ್ಪು ನುಸುಳುವ ದಾರಿಗಳನ್ನೆಲ್ಲ ಮುಚ್ಚಿರಬೇಕು.

ಹಸ್ತಪ್ರತಿ ಹಳೆಯ ನುಡಿ, ಬರಹ ಫಾಂಟುಗಳಲ್ಲಿದ್ದರೆ ಯೂನಿಕೋಡಿಗೆ ಬದಲಿಸಿ, ನಂತರವೇ ಕರಡು ತಿದ್ದಿ. ಮೊದಲೇ ತಿದ್ದಿದರೆ ಕೆಲಸ ಎರಡಾಗುತ್ತದೆ, ಬದಲಾಯಿಸುವಾಗ ಹೊಸ ತಪ್ಪುಗಳು ಹುಟ್ಟುತ್ತವೆ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರುತ್ತದೆ. ‘ರ‍್ಯಾಲಿ’ಯಲ್ಲಿ ರ ಅಕ್ಷರವನ್ನು ಮೇಲೆ ಹಿಡಿದಿಡುವ ಕಾಣದ ಜೋಡಕ ಬಿದ್ದುಹೋದರೆ ಅದು ‘ರ್ಯಾಲಿ’ ಆಗುತ್ತದೆ. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಕೂತಿದ್ದರೆ ಅಚ್ಚಿನಲ್ಲಿ ಗೊತ್ತಾಗದು. ಇ-ಪುಸ್ತಕದಲ್ಲಿ ಪದ ಹುಡುಕಿದಾಗ ಮಾತ್ರ ಸಿಗುವುದಿಲ್ಲ.

ಪುಟ ಕಟ್ಟುವುದು ಇನ್‌ಡಿಸೈನ್ ತಂತ್ರಾಂಶದಲ್ಲಾದರೆ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿ. ಮಾಮೂಲಿ ಕಂಪೋಸರಿನಲ್ಲಿ ಒತ್ತುಗಳು ಕೂರುವುದಿಲ್ಲ. ‘ಕನ್ನಡ ಫಾಂಟೇ ಸರಿಯಿಲ್ಲ’ ಎಂಬ ದೂರಿಗೆ ಬಹಳ ಸಲ ಇದೇ ಮೂಲ. ಡೆಮಿ 1/8 ಅಂದರೆ 5.5 × 8.5 ಅಂಗುಲಕ್ಕೆ 12 ಪಾಯಿಂಟ್ ಅಕ್ಷರ, 17 ಪಾಯಿಂಟ್ ಸಾಲಂತರ ಇರಲಿ. ಇಂಗ್ಲಿಷ್ ಪುಸ್ತಕದ ಅಳತೆಯಲ್ಲಿ 14ಕ್ಕೆ ಇಳಿಸಿದರೆ ‘ಸ್ತ್ರೀ’ಯ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಬೆನ್ನಿನ ಕಡೆ 20 ಮಿ.ಮೀ. ಅಂಚು ಬಿಡಿ, ಇಲ್ಲವಾದರೆ ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗಿನ ಪುಸ್ತಕವನ್ನು ಒಡೆದು ಹಿಡಿದೇ ಓದಬೇಕು. ಪುಟಗಳು 16ರ ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಹಾಳೆ) ಲೆಕ್ಕಕ್ಕೆ ಹೊಂದಲಿ: 160 ಪುಟ ಸರಿಯಾಗಿ 10 ಫಾರಂ. 163 ಆದರೆ ಮೂರು ಪುಟಕ್ಕಾಗಿ ಇನ್ನೊಂದು ಫಾರಮ್ಮಿನ ಮಾತು. ಮುನ್ನುಡಿಗಳಲ್ಲಿ ಒಂದನ್ನು ಬಿಡಿ, ಯಾರೂ ಬೇಸರಪಡುವುದಿಲ್ಲ.

ಪ್ರೆಸ್ಸಿಗೆ ಕೊಡುವುದು ಫಾಂಟು ಅಡಕವಾದ ಪಿಡಿಎಫ್ ಮಾತ್ರ, ತಿದ್ದಬಹುದಾದ ಮೂಲ ಫೈಲಲ್ಲ. ಅಲ್ಲಿ ಆ ಪಿಡಿಎಫನ್ನು ಚಿತ್ರ ತಂತ್ರಾಂಶ ಕೋರೆಲ್‌ಡ್ರಾದಲ್ಲಿ ತೆರೆದು ಪುಟ ಜೋಡಿಸಿದರೆ ಅಕ್ಷರ ಮತ್ತೆ ಒಡೆಯಬಹುದು. ಹಾಗೆ ತೆರೆಯಬೇಡಿ ಎಂದು ಬರೆದೇ ಕೊಡಿ. ಮುಖಪುಟದ ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟು ಬೇಡದ ಗೆರೆಚಿತ್ರವಾಗಿಸಿ ಕೊಟ್ಟರೆ ಆ ಭಯವಿಲ್ಲ. ಅಚ್ಚಿನ ಪ್ಲೇಟು ಮಾಡಿಸುವ ಮೊದಲು ಒಂದು ಫಾರಮ್ಮಿನ ಪ್ರೂಫ್ ತರಿಸಿ ‘ರಾಷ್ಟ್ರ’, ‘ಕಾರ್ಯ’, ‘ಜ್ಞಾನ’, ‘ಕೃಷ್ಣ’ ಇರುವ ಸಾಲುಗಳನ್ನು ಹುಡುಕಿ ನೋಡಿ. ಪರದೆಯ ಮೇಲಲ್ಲ, ಕಾಗದದಲ್ಲಿ. ಇನ್ನೂರು ಮುನ್ನೂರು ಪ್ರತಿಗೆ ಡಿಜಿಟಲ್, ಸಾವಿರಕ್ಕೆ ಆಫ್‌ಸೆಟ್. ನಡುವಿನದಕ್ಕೆ ಎರಡೂ ಕೊಟೇಶನ್ ಕೇಳಿ. ಒಳಪುಟಕ್ಕೆ 70 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ಮ್ಯಾಪ್ಲಿಥೋ ಕಾಗದ, ಹೊದಿಕೆಗೆ 300 ಜಿಎಸ್‌ಎಂ ಆರ್ಟ್ ಬೋರ್ಡ್ ಸಾಕು. ಬೆನ್ನಿನ ದಪ್ಪವನ್ನು ಊಹಿಸಬೇಡಿ. ಈ ಕಾಗದದಲ್ಲಿ 160 ಪುಟಕ್ಕೆ ಸುಮಾರು 7 ಮಿ.ಮೀ. ಬಂದೀತು, ಆದರೆ ಮುದ್ರಕರು ಅಳೆದು ಹೇಳಿದ್ದೇ ಅಂತಿಮ.

ಐಎಸ್‌ಬಿಎನ್ ಎಂಬ ಪುಸ್ತಕದ ಗುರುತು ಸಂಖ್ಯೆ ಪುಕ್ಕಟೆ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನಿನಲ್ಲಿ ಲೇಖಕರೇ ಅರ್ಜಿ ಹಾಕಬಹುದು. ದಲ್ಲಾಳಿಗೆ ದುಡ್ಡು ಕೊಡಬೇಡಿ. ಅರ್ಜಿಯಲ್ಲಿರುವ ಪ್ರಕಾಶಕರ ಹೆಸರು, ಪುಸ್ತಕದ ವಿವರಪುಟದ ಹೆಸರು ಒಂದೇ ಇರಲಿ. ಇ-ಪುಸ್ತಕಕ್ಕೆ ಬೇರೆ ಸಂಖ್ಯೆ ಬೇಕು. 1954ರ ಪುಸ್ತಕ ಸಲ್ಲಿಕೆ ಕಾಯಿದೆಯಂತೆ, ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ದೆಹಲಿ, ಮುಂಬಯಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಮುಂಬಯಿಯದು ಊರೊಳಗೇ ಇರುವುದರಿಂದ ಆ ಒಂದು ಪ್ರತಿಯ ಅಂಚೆ ಖರ್ಚು ಉಳಿದೀತು.

ಬೆಲೆ ಇಡುವಾಗ ಅಂಗಡಿಯ ಕಮಿಷನ್ನಿನಿಂದ ಹಿಂದಕ್ಕೆ ಲೆಕ್ಕ ಹಾಕಿ. 200 ರೂಪಾಯಿಯ ಪುಸ್ತಕಕ್ಕೆ ಶೇ. 40 ಕೊಟ್ಟರೆ ಕೈಗೆ 120; ಮುದ್ರಣಕ್ಕೆ 80 ತಗುಲಿದ್ದರೆ ಸಾಗಣೆ, ಗೌರವ ಪ್ರತಿ, ಹಾಳಾದವು ಎಲ್ಲ ಉಳಿದ 40ರಲ್ಲೇ ಆಗಬೇಕು. ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲೋ ಮಾಹಿಮಿನ ಕರ್ನಾಟಕ ಸಂಘದಲ್ಲೋ ಬಿಡುಗಡೆ ಇದ್ದರೆ ಬಾಗಿಲ ಬಳಿ ಮೇಜು ಹಾಕಿ, ಚಿಲ್ಲರೆ ಮತ್ತು ಯುಪಿಐ ಕೋಡು ಎರಡೂ ಇಡಿ. ಅಲ್ಲಿನ ಮಾರಾಟಕ್ಕೆ ಅಂಗಡಿಯ ಕಮಿಷನ್ ಇಲ್ಲ. ಅಂದು ಪುಕ್ಕಟೆ ಹಂಚಿದರೆ ಕೊಳ್ಳಬೇಕಾದವರೇ ಕೈಚಾಚುತ್ತಾರೆ.

ಹೊರ ಊರುಗಳ ಓದುಗರಿಗೆ ಪುಸ್ತಕ ಕಳಿಸಲು ಅಂಚೆಯ ಪುಸ್ತಕ ಸೇವೆ ಜ್ಞಾನ ಪೋಸ್ಟ್ ಅಗ್ಗ. 2025ರ ಮೇ ತಿಂಗಳಲ್ಲಿ ಶುರುವಾದಾಗ 300 ಗ್ರಾಂವರೆಗೆ ದರ 20 ರೂಪಾಯಿ, ತೆರಿಗೆ ಬೇರೆ. ಮೇಲಿನ ಅಳತೆಯ 160 ಪುಟದ ಪುಸ್ತಕ ಸುಮಾರು 190 ಗ್ರಾಂ ತೂಗುತ್ತದೆ. 240 ಪುಟವಾದರೆ ಲಕೋಟೆ ಸೇರಿ ಮಿತಿಯ ಅಂಚಿಗೆ ಬರುತ್ತದೆ.

ಉಳಿದ ಕಟ್ಟುಗಳಿಗೆ ಜೂನ್ ಬಂದರೆ ಕಷ್ಟ. ಒಂದೇ ಮಗ್ಗುಲು ಲ್ಯಾಮಿನೇಶನ್ ಆದ ಹೊದಿಕೆಯ ಒಳಬದಿ ಮಳೆಗಾಲದ ತೇವ ಹೀರಿ ಹಿಗ್ಗುತ್ತದೆ, ಹೊದಿಕೆ ಹೊರಕ್ಕೆ ಸುರುಳಿಯಾಗುತ್ತದೆ. ಹತ್ತತ್ತರ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಸಿ, ಗೋಡೆಗೆ ತಾಗದಂತೆ, ನೆಲಕ್ಕಿಂತ ಎತ್ತರದಲ್ಲಿ ಮಲಗಿಸಿಡಿ.