ಉದ್ದನೆ ಟ್ರಿಪ್ಪು ಮುಗಿಯುವಾಗ ಕೊನೆಯ ಮೂರು ದಿನ ಹೀಗೆ ಕಳೆಯಿರಿ

ಊರಿಗೆ ವಾಪಸ್ ಹೋದ ಮೇಲೆ ನಿಧಾನವಾಗಿ ಕೂತು ಎಲ್ಲ ನೆನಪು ಮಾಡಿಕೊಳ್ಳೋಣ ಅಂತಿದ್ದರೆ ಆ ಆಸೆ ಈಗಲೇ ಬಿಟ್ಟುಬಿಡಿ. ಬೆಂಗಳೂರಲ್ಲಿ ಇಳಿದ ಮರುದಿನದಿಂದ ಬಟ್ಟೆ ಒಗೆಯುವುದು, ಕರೆಂಟ್ ಬಿಲ್ಲು, ಆಫೀಸು. ಹತ್ತೇ ದಿನದಲ್ಲಿ ಮೂರು ತಿಂಗಳ ಟ್ರಿಪ್ಪಿನ ನೆನಪೆಲ್ಲ ಮಾಯ. ಈ ಕೆಲಸ ಅಲ್ಲೇ ಮುಗಿಸಿಕೊಂಡು ಬರಬೇಕು.

ಅದಕ್ಕೆ ಕೊನೆಯಲ್ಲಿ ಒಂದು ಚಿಕ್ಕ ಊರು ಇಟ್ಟುಕೊಳ್ಳಿ. ದೊಡ್ಡ ಊರಾದರೆ ಇನ್ನೊಂದು ಮ್ಯೂಸಿಯಂ ನೋಡಿಬಿಡೋಣ ಅನ್ನಿಸುತ್ತೆ. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ ಸುತ್ತಿದ ಮೇಲೆ ನಾನು ವಿಯೆಟ್ನಾಂನ ಪುಟ್ಟ ಊರು ಹೋಯ್ ಆನ್‌ನಲ್ಲಿ ಮೂರು ದಿನ ಸುಮ್ನೆ ಕೂತೆ. ವಿಮಾನ ಹತ್ತಬೇಕಿದ್ದ ಡಾ ನಾಂಗ್ ಅಲ್ಲಿಂದ ಸುಮಾರು 30 ಕಿಲೋಮೀಟರ್ ಅಷ್ಟೇ.

ಮೊದಲ ದಿನ ಬ್ಯಾಗು, ಜೇಬು ಎಲ್ಲ ಹಾಸಿಗೆ ಮೇಲೆ ಸುರಿಯಿರಿ. ರಸೀದಿಗಳ ಫೋಟೋ ತೆಗೆದಿಡಿ, ಯಾಕಂದರೆ ಮೆಷಿನ್‌ನಿಂದ ಬರುವ ಆ ನುಣುಪು ಕಾಗದದ ಅಕ್ಷರ ಬಿಸಿಲಿಗೆ, ಬಿಸಿಗೆ ಅಳಿಸಿಹೋಗುತ್ತೆ. ನನ್ನವು ಅರ್ಧ ಬಿಳಿ ಹಾಳೆಯಾಗಿದ್ದವು. ಲಾವೋಸ್‌ನ ಹಣ ಕಿಪ್ ಅನ್ನು ಆ ದೇಶದ ಹೊರಗೆ ಬದಲಾಯಿಸುವುದು ಕಷ್ಟ, ಗಡಿ ದಾಟುವ ಮೊದಲೇ ಖರ್ಚು ಮಾಡಿಬಿಡಿ. ಆದರೆ ಒಂದೊಂದು ದೇಶದ್ದು ಒಂದೊಂದು ಚಿಕ್ಕ ನೋಟು ಇಟ್ಟುಕೊಳ್ಳಿ. ವಿಯೆಟ್ನಾಂನ 20,000 ಡಾಂಗ್ ನೋಟೂ ನೀಲಿ, 5,00,000ದ್ದೂ ನೀಲಿ. ಕಾಫಿ ಅಂಗಡಿಯಲ್ಲಿ ನಾನು ದೊಡ್ಡದನ್ನು ಕೊಟ್ಟು ಎದ್ದು ಹೋಗಿದ್ದೆ. ಅಂಗಡಿ ಅಜ್ಜಿ ರಸ್ತೆ ತಿರುವಿನವರೆಗೂ ಚಪ್ಪಲಿ ಸದ್ದು ಮಾಡುತ್ತಾ ಓಡಿ ಬಂದು, ಎರಡೂ ನೋಟು ಪಕ್ಕಪಕ್ಕ ಹಿಡಿದು ತೋರಿಸಿ, ಬೈದು, ವಾಪಸ್ ಕೊಟ್ಟರು. ಆ 20,000ದ ನೋಟಿನ ಹಿಂದೆ ಹೋಯ್ ಆನ್‌ನ ಜಪಾನಿ ಸೇತುವೆಯ ಚಿತ್ರ ಇದೆ. ನನಗೆ ಮಾತ್ರ ನೋಟು ನೋಡಿದರೆ ಅಜ್ಜಿಯೇ ನೆನಪಾಗೋದು.

ಎರಡನೇ ದಿನ ಬರೆಯಿರಿ. ಯಾವ ಊರು, ಯಾವ ತಾರೀಕು ಅನ್ನೋದು ಫೋನಿನ ಫೋಟೋಗಳಲ್ಲೇ ಇರುತ್ತೆ, ಅದನ್ನು ಬಿಡಿ. ಫೋಟೋದಲ್ಲಿ ಇಲ್ಲದ್ದನ್ನು ಬರೆಯಿರಿ. ಲಾವೋಸ್‌ನ ಹುವಾಯ್ ಸಾಯ್‌ಯಿಂದ ಲುವಾಂಗ್ ಪ್ರಬಾಂಗ್‌ಗೆ ಮೆಕಾಂಗ್ ನದಿಯಲ್ಲಿ ಎರಡು ದಿನದ ದೋಣಿ ಪಯಣ, ರಾತ್ರಿ ಪಾಕ್‌ಬೆಂಗ್‌ನಲ್ಲಿ ತಂಗೋದು. ನದಿಯ ಫೋಟೋ ನನ್ನ ಹತ್ತಿರ ನೂರಾರು ಇವೆ. ಆದರೆ ಕೂತಿದ್ದು ಯಾವುದೋ ಹಳೇ ವ್ಯಾನಿನಿಂದ ಕಿತ್ತು ತಂದ ಸೀಟಿನ ಮೇಲೆ, ಅದನ್ನು ನೆಲಕ್ಕೆ ಬಿಗಿದೂ ಇರಲಿಲ್ಲ, ದೋಣಿ ವಾಲಿದಾಗೆಲ್ಲ ಜರುಗುತ್ತಿತ್ತು. ಇಂಥದ್ದು ಬರೆಯದಿದ್ದರೆ ಹೋಯಿತು. ಬೇಜಾರಾದ ದಿನಗಳನ್ನೂ ಬರೆಯಿರಿ, ಸಂಕೋಚ ಬೇಡ. ಮೂರನೇ ತಿಂಗಳಿಗೆ ನನಗೆ ದೇವಸ್ಥಾನ ಅಂದರೆ ಸಾಕಪ್ಪಾ ಅನ್ನಿಸಿತ್ತು.

ಬೇಡದ ಫೋಟೋ ಅಳಿಸುವ ಕೆಲಸ ಸಂಜೆಗೆ ಇಟ್ಟುಕೊಳ್ಳಿ, ಮನೆಗೆ ಬಂದ ಮೇಲೆ ಯಾರೂ ಮಾಡಲ್ಲ. ಉಳಿದದ್ದು ಎರಡು ಕಾಪಿ, ಎರಡು ಬೇರೆ ಬ್ಯಾಗಿನಲ್ಲಿ.

ಮೂರನೇ ದಿನ "ಹೇಗಿತ್ತು ಟ್ರಿಪ್ಪು?" ಅನ್ನೋ ಪ್ರಶ್ನೆಗೆ ತಯಾರಾಗಿ. "ಚೆನ್ನಾಗಿತ್ತು" ಅಂದರೆ ಮಾತು ಅಲ್ಲಿಗೇ ಮುಗೀತು. ನಮ್ಮ ಕಡೆ ಅಂತೂ ಮೊದಲ ಪ್ರಶ್ನೆ ಊಟದ್ದೇ ಅಲ್ವಾ? ಸಸ್ಯಾಹಾರಿಗಳಾದರೆ ವಿಯೆಟ್ನಾಂನಲ್ಲಿ 'ಚಾಯ್' (ಅಂದರೆ ಸಸ್ಯಾಹಾರ) ಅನ್ನೋ ಬೋರ್ಡು ಹುಡುಕಬೇಕು, ಅಮಾವಾಸ್ಯೆ ಹುಣ್ಣಿಮೆ ಬಂದರೆ ಅಲ್ಲೂ ಬೌದ್ಧರು ಎಷ್ಟೋ ಜನ ಮಾಂಸ ಬಿಡುತ್ತಾರೆ ಅಂತ ಹೇಳಿ ನೋಡಿ. ನಮ್ಮತ್ತೆ ಅರ್ಧ ಗಂಟೆ ಬಿಡದೆ ಕೇಳಿದರು.

ಇನ್ನು ತರುವ ಸಾಮಾನು. ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತ ಬೇಡ, ದಿನಾ ಕೈಗೆ ಸಿಗುವಂಥದ್ದು ಒಂದು ತನ್ನಿ. ನಾನು ತಂದಿದ್ದು 'ಫಿನ್', ಲೋಟದ ಮೇಲೆ ಕೂರಿಸುವ ಪುಟ್ಟ ಕಾಫಿ ಫಿಲ್ಟರು. ಕೊಡಗಿನ ರೋಬಸ್ಟಾ ಅದಕ್ಕೆ ಚೆನ್ನಾಗಿ ಹೊಂದುತ್ತೆ. ಮನೆಯ ನುಣ್ಣನೆ ಪುಡಿ ಹಾಕಿದರೆ ಮಾತ್ರ ಕಟ್ಟಿಕೊಂಡು ಒಂದು ತೊಟ್ಟೂ ಇಳಿಯಲ್ಲ. ಪುಡಿ ಅಂಗಡಿಯಲ್ಲಿ ಚಿಕೋರಿ ಬೇಡ ಅಂತ ಹೇಳಿ, ಸ್ವಲ್ಪ ತರಿತರಿಯಾಗಿ ಬೀಸಿಸಿಕೊಳ್ಳಿ.