ಶೇಕ್ಸ್‌ಪಿಯರ್ ಕಾಲದ ನಾಟಕ ಓದುವುದು ಹೇಗೆ: ಮೊದಲು ಗೈಡು ಮುಚ್ಚಿಡಿ

ಧಾರವಾಡದಲ್ಲಿ ನಾನು ಬಿ.ಎ. ಓದುವಾಗ ಹ್ಯಾಮ್ಲೆಟ್ ಪಠ್ಯಕ್ಕಿತ್ತು. ಅಪ್ಪನನ್ನು ಕೊಂದು ರಾಜನಾಗಿ, ತಾಯಿಯನ್ನೂ ಮದುವೆಯಾದ ಚಿಕ್ಕಪ್ಪನ ಮೇಲೆ ಸೇಡು ತೀರಿಸು ಅಂತ ಅಪ್ಪನ ದೆವ್ವ ರಾಜಕುಮಾರ ಹ್ಯಾಮ್ಲೆಟ್‌ಗೆ ಹೇಳುವ ಕಥೆ ಅದು. ಪುಸ್ತಕ ಕೊಂಡವರು ಕ್ಲಾಸಿನಲ್ಲಿ ಇಬ್ಬರೋ ಮೂವರೋ, ಉಳಿದವರದ್ದೆಲ್ಲ ಗೈಡು. ನಾನೂ ಗೈಡಿನ ಗುಂಪಿನವನೇ. ‘ಹ್ಯಾಮ್ಲೆಟ್ ಸೇಡು ತೀರಿಸಲು ತಡ ಮಾಡಿದ್ದೇಕೆ’ ಅನ್ನೋ ಪ್ರಶ್ನೆಗೆ ಐದು ಕಾರಣ ಬಾಯಿಪಾಠ ಮಾಡಿಕೊಂಡು ಹೋಗಿ ಬರೆದೆ, ಮಾರ್ಕ್ಸೂ ಬಂದವು. ನಾಟಕ ಮಾತ್ರ ಓದಿರಲಿಲ್ಲ. ಎಷ್ಟೋ ವರ್ಷ ಆದಮೇಲೆ ಒಂದು ಮಳೆಗಾಲದ ರಾತ್ರಿ, ಬೇರೆ ಕೆಲಸ ಇಲ್ಲದೆ, ಮೊದಲ ಪುಟ ಗಟ್ಟಿಯಾಗಿ ಓದಿದೆ. ಆಗ ಗೊತ್ತಾಯಿತು, ಇದು ಕುಂತು ಓದಲಿ ಅಂತ ಬರೆದ ಪುಸ್ತಕವೇ ಅಲ್ಲ. ನಟರ ಕೈಗೆ ಕೊಡಲು ಬರೆದದ್ದು. ನಟರು ಓದುವ ಹಾಗೆ ಓದಿದರೆ ಅರ್ಧ ಕಷ್ಟ ತಾನಾಗಿ ಹೋಗುತ್ತದೆ.

ಮೊದಲು ಯಾವುದನ್ನು ಕೈಗೆತ್ತಿಕೊಳ್ಳಬೇಕು? ಎಲಿಜಬೆತ್ ರಾಣಿ ಆಳಿದ್ದು 1558ರಿಂದ 1603ರವರೆಗೆ. ಮ್ಯಾಕ್‌ಬೆತ್, ಕಿಂಗ್ ಲಿಯರ್ ಬಂದದ್ದು ಆಮೇಲೆ, ಜೇಮ್ಸ್ ರಾಜನ ಕಾಲದಲ್ಲಿ. ಪ್ರಶ್ನೆಪತ್ರಿಕೆಗಳಲ್ಲಿ ಎಲ್ಲವನ್ನೂ ‘ಎಲಿಜಬೆತ್ ಕಾಲದ ನಾಟಕ’ ಅಂತ ಒಂದೇ ಬುಟ್ಟಿಗೆ ಹಾಕುತ್ತಾರೆ, ಇರಲಿ. ನನ್ನ ಕೇಳಿದರೆ ಜೂಲಿಯಸ್ ಸೀಸರ್‌ನಿಂದ ಶುರು ಮಾಡಿ. ಚಿಕ್ಕದು, ಭಾಷೆ ಸರಳ, ರಾಜಕೀಯ ನಮಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಆಮೇಲೆ ಹ್ಯಾಮ್ಲೆಟ್. ಆಮೇಲೆ ಅದೇ ಕಾಲದ ಇನ್ನೊಬ್ಬ ನಾಟಕಕಾರ ಮಾರ್ಲೋ ಬರೆದ ಡಾಕ್ಟರ್ ಫೌಸ್ಟಸ್, ಸೈತಾನನಿಗೆ ಆತ್ಮ ಮಾರಿಕೊಂಡ ಪಂಡಿತನ ಕಥೆ. ಶೇಕ್ಸ್‌ಪಿಯರ್ ಒಬ್ಬನನ್ನೇ ಓದಿ ಆ ಕಾಲ ಮುಗಿಯಿತು ಅಂದುಕೊಳ್ಳಬೇಡಿ.

ಓದುವ ಮೊದಲು ರಂಗಮಂಚವನ್ನು ಕಣ್ಣ ಮುಂದೆ ತಂದುಕೊಳ್ಳಿ. ಲಂಡನ್ನಿನಲ್ಲಿ 1576ರಲ್ಲಿ ಜೇಮ್ಸ್ ಬರ್ಬೇಜ್ ಅನ್ನೋ ನಟ ಒಂದು ನಾಟಕದ ಮನೆ ಕಟ್ಟಿಸಿದ, ಹೆಸರೇ ‘ದಿ ಥಿಯೇಟರ್’. ಜಾಗದ ಮಾಲೀಕನ ಜೊತೆ ಜಗಳ ಹತ್ತಿದಾಗ ಅವನ ಮಕ್ಕಳು ಕಟ್ಟಡವನ್ನೇ ಬಿಚ್ಚಿ, ಅದೇ ಮರದಿಂದ ಥೇಮ್ಸ್ ನದಿಯ ಆಚೆ ದಡದಲ್ಲಿ 1599ರಲ್ಲಿ ಶೇಕ್ಸ್‌ಪಿಯರ್ ನಾಟಕಗಳನ್ನು ಆಡುತ್ತಿದ್ದ ಗ್ಲೋಬ್ ನಿಲ್ಲಿಸಿದರು. ನಿಂತು ನೋಡುವವರಿಗೆ ಒಂದು ಪೆನ್ನಿ. ಆಟ ಮಧ್ಯಾಹ್ನ, ಸೂರ್ಯನ ಬೆಳಕಿನಲ್ಲಿ. ಮುಂದೆ ಪರದೆ ಇಲ್ಲ, ಹಿಂದೆ ಸೀನರಿ ಇಲ್ಲ. ಹೆಣ್ಣಿನ ಪಾತ್ರ ಹುಡುಗರದ್ದು.

ಊರಲ್ಲಿ ದೊಡ್ಡಾಟ ನೋಡಿದವರಿಗೆ ಇದರಲ್ಲಿ ಬಹಳ ಹೊಸದೇನೂ ಕಾಣೋದಿಲ್ಲ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದರೆ ಸಾರಥಿ ‘ಯಾರು ನೀವು’ ಅಂತ ಮಾತಾಡಿಸುತ್ತಾನೆ, ಪಾತ್ರ ತನ್ನ ಊರು, ಹೆಸರು, ಪರಾಕ್ರಮ ಎಲ್ಲ ಹೇಳಿಕೊಳ್ಳುತ್ತದೆ. ಲಂಡನ್ನಿನ ಆ ರಂಗದಲ್ಲೂ ಹಾಗೇ, ಜಾಗ ಯಾವುದು, ಹೊತ್ತು ಎಷ್ಟು ಅನ್ನೋದನ್ನೆಲ್ಲ ಮಾತೇ ಹೇಳಬೇಕು. ‘ಆ್ಯಸ್ ಯು ಲೈಕ್ ಇಟ್’ ನಾಟಕದಲ್ಲಿ ರೊಸಾಲಿಂಡ್ ಬಂದು ‘ಸರಿ, ಇದೇ ಆರ್ಡನ್ ಕಾಡು’ ಅನ್ನುತ್ತಾಳೆ. ಮುಗಿಯಿತು, ಕಾಡು ಬಂತು. ಪರದೆ ಇಲ್ಲದ್ದರಿಂದ ಸತ್ತವರು ಎದ್ದು ಹೋಗುವ ಹಾಗಿಲ್ಲ, ಹೆಣ ಹೊತ್ತುಕೊಂಡು ಹೋಗಲು ಯಾರಾದರೂ ಬೇಕು. ಹ್ಯಾಮ್ಲೆಟ್ ಕೊನೆಯಲ್ಲಿ ‘ಹೆಣಗಳನ್ನು ಎತ್ತಿ’ ಅನ್ನೋ ಅಪ್ಪಣೆ ಬರುವುದಕ್ಕೆ ಇದೂ ಒಂದು ಕಾರಣ.

ಈಗ ಹ್ಯಾಮ್ಲೆಟ್‌ನ ಮೊದಲ ಸಾಲಿಗೆ ಬನ್ನಿ. ‘ಯಾರದು?’ ಅಷ್ಟೇ. ಗೈಡಿನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಆದರೆ ಕೇಳುತ್ತಿರುವವನು ಯಾರು ನೋಡಿ. ಕಾವಲಿಗೆ ನಿಂತವನು ಫ್ರಾನ್ಸಿಸ್ಕೊ. ಅವನ ಪಾಳಿ ಬಿಡಿಸಲು ಬರುತ್ತಿರುವವನು ಬರ್ನಾರ್ಡೊ. ‘ಯಾರದು’ ಅಂತ ಕೇಳಬೇಕಾದವನು ಕಾವಲಿನವನು, ಕೇಳಿದವನು ಬಂದವನು! ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ರಾತ್ರಿ ಪಾಳಿಗೆ ಬಂದ ವಾಚ್‌ಮನ್, ಅಲ್ಲಿ ಆಗಲೇ ಕುಂತ ವಾಚ್‌ಮನ್‌ನನ್ನು ‘ಯಾಂವಲೇ ಅಂವ?’ ಅಂತ ಗದರಿಸಿದರೆ ನಿಮಗೆ ಏನನಿಸುತ್ತದೆ? ಇವನು ಯಾವುದಕ್ಕೋ ಹೆದರಿಕೊಂಡೇ ಬಂದಿದ್ದಾನೆ ಅಂತ ತಾನೇ? ಬರ್ನಾರ್ಡೊ ಹಿಂದಿನ ರಾತ್ರಿ ದೆವ್ವ ನೋಡಿದ್ದಾನೆ, ಅದು ನಮಗೆ ಆಮೇಲೆ ಗೊತ್ತಾಗುತ್ತದೆ. ಫ್ರಾನ್ಸಿಸ್ಕೊ ‘ಇಲ್ಲ, ಮೊದಲು ನೀನು ಹೇಳು’ ಅಂತ ತಿರುಗಿ ಬೀಳುತ್ತಾನೆ. ಮುಂದೆ ಹನ್ನೆರಡು ಹೊಡೆಯಿತು, ಕೊರೆಯುವ ಚಳಿ, ಒಂದು ಇಲಿಯೂ ಅಲುಗಾಡಲಿಲ್ಲ ಅನ್ನೋ ಚಿಕ್ಕ ಚಿಕ್ಕ ಮಾತು. ಹೊರಗೆ ಸುಡುಬಿಸಿಲಿರಲಿ, ಆ ನಾಲ್ಕು ಮಾತಿಗೆ ರಾತ್ರಿ ಇಳಿದುಬಿಡುತ್ತದೆ.

ನಾನು ಹೇಳುವ ವಿಧಾನ ಇದೇ. ಪೆನ್ಸಿಲ್ ಹಿಡಿದು ಪ್ರತಿ ಮಾತಿನ ಪಕ್ಕದಲ್ಲಿ ಬರೆಯಿರಿ: ಯಾರು, ಯಾರಿಗೆ, ಏನು ಬೇಕಾಗಿ ಹೇಳುತ್ತಿದ್ದಾರೆ, ಆಗ ಪಕ್ಕದಲ್ಲಿ ಯಾರು ಸುಮ್ಮನೆ ನಿಂತಿದ್ದಾರೆ. ಆಮೇಲೆ ಅದೇ ಮಾತನ್ನು ನಿಮ್ಮ ಮನೆಯ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ, ಪುಸ್ತಕದ ಕನ್ನಡ ಬೇಡ. ಹೇಳಲು ಬರಲಿಲ್ಲ ಅಂದರೆ ಆ ಸಾಲು ತಿಳಿದಿಲ್ಲ ಅಂತ ಲೆಕ್ಕ, ಮತ್ತೆ ಹಿಂದಕ್ಕೆ ಹೋಗಿ.

ಕಠಿಣ ಶಬ್ದಗಳಿಗೆ ಜಾಸ್ತಿ ಹೆದರಬೇಡಿ. ಗೊತ್ತಿಲ್ಲದ ಶಬ್ದವನ್ನು ಡಿಕ್ಷನರಿಯಲ್ಲಿ ಹೇಗೂ ನೋಡುತ್ತೀರಿ. ಮೋಸ ಮಾಡುವುದು ಗೊತ್ತಿದೆ ಅಂದುಕೊಂಡ ಶಬ್ದ. ಜೂಲಿಯೆಟ್ ಕೇಳುವ ‘ವೇರ್‌ಫೋರ್’ ಎಲ್ಲಿ ಅಂತ ಅಲ್ಲ, ಯಾಕೆ ಅಂತ. ನೀನು ಯಾಕಪ್ಪಾ ರೋಮಿಯೊ ಆದೆ, ಆ ವೈರಿ ಮನೆತನದವನೇ ಯಾಕಾದೆ ಅನ್ನೋ ಸಂಕಟ ಅದು. ‘ಪ್ರೆಸೆಂಟ್ಲಿ’ ಅಂದರೆ ಆಗ ತಕ್ಷಣ. ‘ಸ್ಟಿಲ್’ ಅಂದರೆ ಬಹಳ ಕಡೆ ಯಾವಾಗಲೂ. ‘ಫಾಂಡ್’ ಅಂದರೆ ಪ್ರೀತಿಗಿಂತ ಹೆಚ್ಚಾಗಿ ತಿಳಿಗೇಡಿತನ. ‘ಲೆಟ್’ ಅಂದರೆ ಬಿಡು ಅಂತಲೂ ಹೌದು, ತಡೆ ಅಂತಲೂ ಹೌದು! ದೆವ್ವದ ಹಿಂದೆ ಹೊರಟ ಹ್ಯಾಮ್ಲೆಟ್ ತನ್ನನ್ನು ‘ಲೆಟ್’ ಮಾಡಿದವರನ್ನು ದೆವ್ವ ಮಾಡುತ್ತೇನೆ ಅನ್ನುವಾಗ, ತಡೆದವರನ್ನು ಕೊಲ್ಲುತ್ತೇನೆ ಅಂತ ಅರ್ಥ. ಅದಕ್ಕೇ ಟಿಪ್ಪಣಿ ಇರುವ ಪುಸ್ತಕವನ್ನೇ ಇಟ್ಟುಕೊಳ್ಳಿ. ದುಡ್ಡು ಇಲ್ಲದಿದ್ದರೆ ಫೋಲ್ಜರ್ ಲೈಬ್ರರಿಯ ವೆಬ್‌ಸೈಟಿನಲ್ಲಿ ನಾಟಕಗಳ ಪಠ್ಯ ಪುಕ್ಕಟೆ ಸಿಗುತ್ತದೆ. ಆರ್ಡನ್ ಅನ್ನೋ ಹೆಸರಿನ ಆವೃತ್ತಿಯಲ್ಲಿ ಟಿಪ್ಪಣಿಯೇ ಪುಟ ತಿಂದುಬಿಡುತ್ತದೆ, ಅದನ್ನು ಎರಡನೇ ಸಲ ಓದುವಾಗ ತೆಗೆಯಿರಿ.

ಲಯಕ್ಕೆ ಬೆರಳು ಸಾಕು. ಗದಗದ ಕಡೆಯವರು ಕುಮಾರವ್ಯಾಸನ ಷಟ್ಪದಿ ಕೇಳುತ್ತ ಬೆಳೆದವರು, ಆದರೆ ಅಲ್ಲಿ ಎಣಿಸುವುದು ಮಾತ್ರೆ, ಇಲ್ಲಿ ಎಣಿಸುವುದು ಒತ್ತು. ಹಗುರ ಒಂದು, ಭಾರ ಒಂದು, ಹೀಗೆ ಐದು ಜೋಡಿ, ಸಾಲಿಗೆ ಹತ್ತು ಉಚ್ಚಾರ. ಟೇಬಲ್ ಮೇಲೆ ಬಡಿಯುತ್ತ ‘ಟು ಬಿ ಆರ್ ನಾಟ್ ಟು ಬಿ’ ಸಾಲನ್ನು ಪೂರ್ತಿ ಹೇಳಿ ನೋಡಿ, ಕೊನೆಯ ‘ಕ್ವೆಶ್ಚನ್’ನಲ್ಲಿ ಒಂದು ಉಚ್ಚಾರ ಹೆಚ್ಚಿಗೆ ಉಳಿಯುತ್ತದೆ. ಎಲ್ಲಿ ಲೆಕ್ಕ ತಪ್ಪಿತೋ ಅಲ್ಲಿ ಒಂದು ಗುರುತು ಹಾಕಿಟ್ಟುಕೊಳ್ಳಿ.

ಪದ್ಯ ನಿಂತು ಗದ್ಯ ಬಂದಲ್ಲಿ ಇನ್ನೂ ದೊಡ್ಡ ಗುರುತು ಹಾಕಿ. ಸೀಸರ್‌ನನ್ನು ಕೊಂದವರಲ್ಲಿ ಒಬ್ಬನಾದ ಬ್ರೂಟಸ್ ಜನರ ಮುಂದೆ ಗದ್ಯದಲ್ಲಿ, ಲೆಕ್ಕ ಒಪ್ಪಿಸುವವನ ಹಾಗೆ ಅಚ್ಚುಕಟ್ಟಾಗಿ ಮಾತಾಡುತ್ತಾನೆ. ಸೀಸರ್ ಒಬ್ಬನೇ ಒಡೆಯನಾಗಿ ಉಳಿದವರೆಲ್ಲ ಗುಲಾಮರಾಗಬಾರದು ಅಂತ ಕೊಂದೆವು ಅನ್ನೋದು ಅವನ ವಾದ. ಜನರ ನಡುವಿನಿಂದ ಒಬ್ಬ ಕೂಗುತ್ತಾನೆ: ‘ಇವನೇ ಸೀಸರ್ ಆಗಲಿ!’ ಅಂದರೆ ಭಾಷಣ ಗೆದ್ದಿತು, ವಾದ ಯಾರ ತಲೆಗೂ ಹೋಗಲಿಲ್ಲ. ಆಮೇಲೆ ಸೀಸರ್‌ನ ಗೆಳೆಯ ಆ್ಯಂಟನಿ ಪದ್ಯ ಹಿಡಿದು ಬರುತ್ತಾನೆ, ಬ್ರೂಟಸ್ ‘ಮರ್ಯಾದಸ್ಥ’ ಅಂತ ಮತ್ತೆ ಮತ್ತೆ ಅನ್ನುತ್ತಾನೆ. ಆ ಶಬ್ದ ಬಂದಲ್ಲೆಲ್ಲ ಅಡಿಗೆರೆ ಎಳೆಯಿರಿ, ಒಂದೊಂದು ಸಲವೂ ಬೇರೆ ಧ್ವನಿಯಲ್ಲಿ ಹೇಳಿ ನೋಡಿ. ಹೊಗಳಿಕೆ ಯಾವ ಸಲಕ್ಕೆ ಬೈಗುಳ ಆಯಿತು ಅನ್ನೋದು ನಿಮ್ಮ ಬಾಯಿಗೇ ಗೊತ್ತಾಗುತ್ತದೆ. ಚುನಾವಣೆ ಭಾಷಣ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ‘ದೌ’ ಮತ್ತು ‘ಯು’, ಅಂದರೆ ಆಗಿನ ಇಂಗ್ಲಿಷಿನ ನೀನು ಮತ್ತು ನೀವು. ಇಲ್ಲಿ ಇವತ್ತಿನ ಇಂಗ್ಲಿಷರಿಗಿಂತ ನಾವೇ ಮುಂದೆ, ಯಾಕಂದರೆ ನಮಗೆ ನೀನು, ನೀವು ಇನ್ನೂ ಜೀವಂತ ಇವೆ. ಹ್ಯಾಮ್ಲೆಟ್ ತಾಯಿಯ ಕೋಣೆಗೆ ಬಂದಾಗ ಅವಳು ‘ನೀನು ನಿನ್ನ ತಂದೆಯ ಮನಸ್ಸು ಬಹಳ ನೋಯಿಸಿದ್ದೀ’ ಅನ್ನುತ್ತಾಳೆ. ಅವನು ತಕ್ಷಣ ‘ನೀವು ನನ್ನ ತಂದೆಯ ಮನಸ್ಸು ಬಹಳ ನೋಯಿಸಿದ್ದೀರಿ’ ಅನ್ನುತ್ತಾನೆ. ತಂದೆ ಅಂದರೆ ಅವಳಿಗೆ ಈಗಿನ ಗಂಡ, ಅವನಿಗೆ ಸತ್ತುಹೋದ ರಾಜ. ಒಂದೇ ಸಾಲು, ಇಬ್ಬರು ಅಪ್ಪಂದಿರು.

ಇಲ್ಲಿ ನಾನು ಒಂದು ಸಲ ಎಡವಿದ್ದೆ. ನಮ್ಮ ಕಡೆ ಅವ್ವನಿಗೆ ‘ನೀ’ ಅಂತಲೇ ಕರೆಯುವುದು, ಮಗ ಒಮ್ಮೆಲೇ ‘ನೀವು’ ಅಂದರೆ ಮನೆಯಲ್ಲಿ ಏನೋ ಆಗಿದೆ ಅಂತ ಅರ್ಥ. ಅದೇ ಲೆಕ್ಕದಲ್ಲಿ ಹ್ಯಾಮ್ಲೆಟ್‌ನ ‘ಯು’ ಚುಚ್ಚುಮಾತು ಅಂತ ಬರೆದುಬಿಟ್ಟಿದ್ದೆ. ತಪ್ಪು. ಆ ಕಾಲದ ದೊಡ್ಡ ಮನೆತನಗಳಲ್ಲಿ ಮಗ ತಾಯಿಗೆ ‘ಯು’ ಅನ್ನೋದು ಸಹಜ ಮರ್ಯಾದೆ. ನಿಜವಾಗಿ ಬದಲಾಗುವವಳು ತಾಯಿ. ಮೊದಲ ಸಾಲಿನಲ್ಲಿ ‘ದೌ’ ಅಂದವಳು ಮಗನ ಉತ್ತರ ಕೇಳಿ ಮುಂದಿನ ಸಾಲಿಗೇ ‘ಯು’ಗೆ ಏರುತ್ತಾಳೆ. ಮಾತು ತಣ್ಣಗಾಯಿತು, ತಾಯಿ ಹೋಗಿ ರಾಣಿ ಬಂದಳು. ನಮ್ಮ ಕನ್ನಡ ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ, ಒಳಗೆ ಅವರ ಮನೆಯ ರೀತಿ ನೋಡಿ ನಡೆಯಬೇಕು.

ದೆವ್ವದ ವಿಷಯವೂ ಹಾಗೇ. ನಮಗೆ ದೆವ್ವ ಅಂದರೆ ಆಸೆ ತೀರದವರು. ಅವರಿಗೆ ಅದು ಧರ್ಮದ ತಕರಾರು. ಸತ್ತವರು ಬೆಂಕಿಯಲ್ಲಿ ಪಾಪ ತೊಳೆದುಕೊಳ್ಳುವ ಜಾಗ ಇದೆ ಅಂತ ಹಳೆಯ ಕ್ಯಾಥೊಲಿಕ್ ನಂಬಿಕೆ. ಇಲ್ಲ ಅಂತ ಎಲಿಜಬೆತ್ ಕಾಲದ ಇಂಗ್ಲೆಂಡಿನ ಚರ್ಚು. ಈ ದೆವ್ವ ಅಂಥ ಜಾಗದಿಂದಲೇ ಬಂದೆ ಅನ್ನುತ್ತದೆ, ಮಗ ಓದಿದ್ದು ಕ್ಯಾಥೊಲಿಕ್ ಚರ್ಚಿನ ವಿರುದ್ಧ ನಿಂತ ಲೂಥರ್‌ನ ಊರಾದ ವಿಟೆನ್‌ಬರ್ಗಿನಲ್ಲಿ. ಇದು ಅಪ್ಪನೋ, ಅಪ್ಪನ ವೇಷದ ಸೈತಾನನೋ ಅಂತ ಅವನು ಅನುಮಾನಪಟ್ಟರೆ ತಪ್ಪೇನು? ನನ್ನ ಗೈಡಿನ ಐದು ಕಾರಣದಲ್ಲಿ ಇದು ಇರಲೇ ಇಲ್ಲ.

ವಿಮರ್ಶೆ ಅಂದರೆ ದೊಡ್ಡ ಮಾತಲ್ಲ. ಒಂದು ಮಾತು ಹೇಳಿ, ಅದಕ್ಕೆ ಸಾಕ್ಷಿಯಾಗಿ ಎರಡು ಸಾಲು ತೋರಿಸಿ. ಹ್ಯಾಮ್ಲೆಟ್‌ನ ಮೂರನೇ ಅಂಕದಲ್ಲಿ ಚಿಕ್ಕಪ್ಪ ಕ್ಲಾಡಿಯಸ್ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದಾನೆ, ಹ್ಯಾಮ್ಲೆಟ್ ಹಿಂದೆ ಕತ್ತಿ ಹಿಡಿದು ನಿಂತಿದ್ದಾನೆ. ಈಗ ಕೊಂದರೆ ಸ್ವರ್ಗಕ್ಕೆ ಹೋಗುತ್ತಾನೆ ಅಂತ ಬಿಟ್ಟು ಹೋಗುತ್ತಾನೆ. ಅವನು ಹೋದಮೇಲೆ ಕ್ಲಾಡಿಯಸ್ ಏಳುತ್ತಾನೆ, ಮಾತು ಮೇಲೆ ಹಾರಿತು, ಮನಸ್ಸು ಕೆಳಗೇ ಉಳಿಯಿತು ಅನ್ನುತ್ತಾನೆ. ಅಂದರೆ ಪ್ರಾರ್ಥನೆ ಆಗಿರಲೇ ಇಲ್ಲ. ಅದು ನಮಗೆ ಗೊತ್ತು, ಹ್ಯಾಮ್ಲೆಟ್‌ಗೆ ಗೊತ್ತಿಲ್ಲ. ಅವನು ಹೇಳಿದ ಕಾರಣ ನಿಜವೋ, ಕೊಲ್ಲಲು ಮನಸ್ಸಿಲ್ಲದ ನೆಪವೋ? ಎರಡೂ ರೀತಿ ಆಡಬಹುದು. ಒಂದನ್ನು ಆರಿಸಿ, ಯಾವ ಶಬ್ದ ನೋಡಿ ಆರಿಸಿದಿರಿ ಹೇಳಿ. ಪರೀಕ್ಷೆಯಲ್ಲೂ ಇದನ್ನೇ ಬರೆಯಿರಿ, ಕಥೆ ಹೇಳುತ್ತ ಪುಟ ತುಂಬಬೇಡಿ.

ಒಂದು ಎಚ್ಚರ: ಹ್ಯಾಮ್ಲೆಟ್‌ನ ಹಳೆಯ ಮುದ್ರಣಗಳೇ ಮೂರು, 1603ರದ್ದು, 1604–05ರದ್ದು, ಶೇಕ್ಸ್‌ಪಿಯರ್ ನಾಟಕಗಳನ್ನು ಒಟ್ಟಿಗೆ ಅಚ್ಚು ಮಾಡಿದ 1623ರ ದೊಡ್ಡ ಸಂಪುಟ ಫೋಲಿಯೊದ್ದು. ಫೌಸ್ಟಸ್‌ಗೆ 1604 ಮತ್ತು 1616ರ ಎರಡು ಬೇರೆ ಬೇರೆ ಪಠ್ಯ. ಗೆಳೆಯನ ಪುಸ್ತಕದಲ್ಲಿರುವ ಸಾಲು ನಿಮ್ಮದರಲ್ಲಿ ಇಲ್ಲದಿದ್ದರೆ ಯಾರದೂ ತಪ್ಪಲ್ಲ.

ಫೌಸ್ಟಸ್‌ನ ಕೊನೆಯ ದೃಶ್ಯವನ್ನು ಮಾತ್ರ ಒಬ್ಬರೇ ಓದಬೇಡಿ. ಒಂದು ಭಾನುವಾರ ನಾಲ್ಕು ಮಂದಿ ಸೇರಿ, ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ. ಹನ್ನೊಂದು ಹೊಡೆಯುತ್ತದೆ, ಹನ್ನೆರಡಕ್ಕೆ ಸೈತಾನರು ಬರುತ್ತಾರೆ, ಆ ಒಂದು ಗಂಟೆ ಅವನು ಒಬ್ಬನೇ ಮಾತಾಡುತ್ತಾನೆ. ಓದಿದರೆ ನಾಲ್ಕೈದು ನಿಮಿಷ ಅಷ್ಟೇ. ಮೊದಲ ಅರ್ಧ ಗಂಟೆಗಿಂತ ಎರಡನೆಯ ಅರ್ಧ ಗಂಟೆಗೆ ಸಾಲು ಕಡಿಮೆ, ಗಡಿಯಾರ ಓಡತೊಡಗಿದೆ. ನಡುವೆ ಅವನ ಬಾಯಿಗೆ ಒಂದು ಲ್ಯಾಟಿನ್ ಸಾಲು ಬರುತ್ತದೆ: ರಾತ್ರಿಯ ಕುದುರೆಗಳೇ, ಮೆಲ್ಲಗೆ, ಮೆಲ್ಲಗೆ ಓಡಿ. ಅದು ಹಳೆಯ ರೋಮಿನ ಕವಿ ಓವಿಡ್‌ನ ಪ್ರೇಮಪದ್ಯದ್ದು, ಆ ಪದ್ಯದಲ್ಲಿ ನಲ್ಲೆಯ ಪಕ್ಕದಲ್ಲಿ ಮಲಗಿದವನು ಬೆಳಗಾಗದಿರಲಿ ಅಂತ ಬೇಡಿಕೊಳ್ಳುತ್ತಾನೆ. ಅದನ್ನು ಓದುವವರು ಯಾರು ಅಂತ ಮೊದಲೇ ಚೀಟಿ ಎತ್ತಿ, ಇಲ್ಲದಿದ್ದರೆ ಜಗಳ ಆಗುತ್ತದೆ.